ಹೆಸರಿಲ್ಲದ ಎಂಬತ್ತೇಳು ಫೋಟೊಗಳು

ಆ ಶುಕ್ರವಾರ ವಿಜಯನಗರದ ಹಾಸ್ಟೆಲಿನ ಮ್ಯಾನೇಜರ್ ಫೋನ್ ಮಾಡಿದಾಗ ನಾನು, ವೆಬ್‌ಸೈಟು ಮಾಡಿಕೊಡುವ ನಮ್ಮ ಸಣ್ಣ ಆಫೀಸಿನಲ್ಲಿ, ಊಟದ ಡಬ್ಬಿ ಬಿಚ್ಚುತ್ತಿದ್ದೆ. ಹನ್ನೆರಡೂವರೆ ಆಗಿರಬೇಕು.

"ನೋಡಮ್ಮ, ನಿನ್ನ ವೆಬ್‌ಸೈಟು ಕೆಲಸ ಮಾಡ್ತಿಲ್ಲ" ಎಂದರು. "ಎಷ್ಟು ಅರ್ಜಿ ಬಂದಾವೆ ಅಂತ ನೋಡಾಕೆ ಹೋದ್ರೆ ಏನೋ ಇಂಗ್ಲಿಷಲ್ಲಿ ಬೈತೈತೆ."

"ಏನಂತ ಬರ್ತಾ ಇದೆ, ಓದಿ ಸಾರ್."

"ಡೇಟಾಬೇಸ್ ಕನೆಕ್ಷನ್ ಫೇಲ್ಡ್. ಅಷ್ಟೇ. ಇವತ್ತು ಕೊನೇ ದಿನ ಕಣಮ್ಮ. ಐದು ಗಂಟೆಗೆ ಮುಗೀತೈತೆ."

ಡಬ್ಬಿ ಮುಚ್ಚಿಟ್ಟು ಕಂಪ್ಯೂಟರ್ ಮುಂದೆ ಕೂತೆ.

ಅದು ಹೆಣ್ಣುಮಕ್ಕಳ ಉಚಿತ ಹಾಸ್ಟೆಲ್. ಒಂದು ಟ್ರಸ್ಟ್ ನಡೆಸುತ್ತದೆ. ಬೇರೆ ಜಿಲ್ಲೆಗಳಿಂದ ಡಿಗ್ರಿ ಓದಲು ಬೆಂಗಳೂರಿಗೆ ಬರುವವರಿಗೆ, ಅದರಲ್ಲೂ ಮನೆಯಲ್ಲಿ ಯಾರೂ ಕಾಲೇಜು ಕಾಣದವರಿಗೆ, ವರ್ಷಕ್ಕೆ ಅರವತ್ತು ಸೀಟು. ಅರ್ಜಿ ಹಾಕಿದವರಲ್ಲಿ ಪಿಯುಸಿ ಅಂಕದ ಮೇಲೆ ಆಯ್ಕೆ. ಹಿಂದಿನ ವರ್ಷದವರೆಗೂ ಕಾಗದದ ಅರ್ಜಿ ಇತ್ತು. ಅದನ್ನು ಕೊಡಲೆಂದೇ ತಂದೆಯೋ ಅಣ್ಣನೋ ರಾತ್ರಿ ಬಸ್ಸು ಹತ್ತಿ ಬಂದು, ಹಾಸ್ಟೆಲ್ ಮುಂದಿನ ಫುಟ್‌ಪಾತಿನಲ್ಲಿ ಕೂತಿರುತ್ತಿದ್ದರು. ಅದನ್ನು ತಪ್ಪಿಸೋಣ, ಊರಿನ ಸೈಬರ್ ಸೆಂಟರಿನಿಂದಲೇ ಅರ್ಜಿ ಹಾಕುವ ಹಾಗೆ ಮಾಡೋಣ ಎಂದು ಟ್ರಸ್ಟಿನವರನ್ನು ಒಪ್ಪಿಸಿದವಳು ನಾನೇ. ಪುಟ ಬರೆದವಳೂ ನಾನೇ, ಒಬ್ಬಳೇ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪ ಕಾಮಾಕ್ಷಿಪಾಳ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಂತು, ಅಮ್ಮ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು ಓದಿಸಿದ್ದು. ಹಾಗಾಗಿ ಈ ಕೆಲಸ ಕೈಗೆ ಬಂದಾಗ ಬೇರೆ ಸೈಟುಗಳಿಗಿಂತ ಹೆಚ್ಚು ಮನಸ್ಸಿಟ್ಟು ಮಾಡಿದ್ದೆ. ಆಮೇಲೆ ನಡೆದದ್ದನ್ನು ಬರೆಯುವಾಗ ಇದನ್ನೂ ಹೇಳಲೇಬೇಕು. ಅಸಡ್ಡೆಯಿಂದ ಆದ ತಪ್ಪಾಗಿದ್ದರೆ ನನ್ನನ್ನು ಇಷ್ಟು ಕಾಡುತ್ತಿರಲಿಲ್ಲ.

ಕೆಲಸದ ವಿಷಯಕ್ಕೆ ಬರುತ್ತೇನೆ. ಹುಡುಗಿ ಹೆಸರು, ಅಂಕ, ಮೊಬೈಲ್ ನಂಬರು ತುಂಬಿ, ಒಂದು ಫೋಟೊ ಸೇರಿಸಿ, 'ಸಲ್ಲಿಸಿ' ಒತ್ತುತ್ತಾಳೆ. ಸರ್ವರಿನಲ್ಲಿರುವ ನನ್ನ ಸ್ಕ್ರಿಪ್ಟು, ಅಂದರೆ ನಾನು ಬರೆದಿಟ್ಟ ಆದೇಶಗಳ ಸಾಲು, ಮೊದಲು ಡೇಟಾಬೇಸಿಗೆ ಸಂಪರ್ಕ ತೆಗೆದುಕೊಳ್ಳುತ್ತದೆ. ಡೇಟಾಬೇಸೆಂದರೆ ಅರ್ಜಿಗಳೆಲ್ಲ ಸಾಲಾಗಿ ಕೂರುವ ದೊಡ್ಡ ಪಟ್ಟಿ. ಆಮೇಲೆ ಫೋಟೊ ಸಣ್ಣದು ಮಾಡಿ ಒಂದು ಫೋಲ್ಡರಿನಲ್ಲಿ ಇಡುತ್ತದೆ, ವಿವರಗಳನ್ನು ಪಟ್ಟಿಗೆ ಬರೆಯುತ್ತದೆ, 'ನಿಮ್ಮ ಅರ್ಜಿ ತಲುಪಿದೆ' ಎಂದು ಎಸ್ಸೆಮ್ಮೆಸ್ ಕಳಿಸುತ್ತದೆ, ಕೊನೆಗೆ ಧನ್ಯವಾದದ ಪುಟ ತೋರಿಸುತ್ತದೆ. ಇಷ್ಟೇ.

ಡೇಟಾಬೇಸಿಗೆ ಸಂಪರ್ಕ ಸಿಗದಿದ್ದರೆ ಎಲ್ಲರೂ ಮೊದಲು ನೋಡುವುದು ಮೂರು ವಿಷಯ. ವಿಳಾಸ ಸರಿಯಿದೆಯೇ, ಹೆಸರು ಸರಿಯಿದೆಯೇ, ಪಾಸ್‌ವರ್ಡ್ ಸರಿಯಿದೆಯೇ. ಮೂರನ್ನೂ ನೋಡಿದೆ. ಒಂದಕ್ಷರವೂ ಬದಲಾಗಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ನಾನೇ ತೆರೆದು ನೋಡಿದಾಗ ಚೆನ್ನಾಗಿಯೇ ಇತ್ತು. ಐದು ಸಾಲಿನ ಒಂದು ಪುಟ್ಟ ಸ್ಕ್ರಿಪ್ಟು ಬರೆದು, ಬರೀ ಸಂಪರ್ಕ ತೆಗೆದುಕೊಂಡು 'ಆಯಿತು' ಅಥವಾ 'ಆಗಲಿಲ್ಲ' ಅನ್ನು ಎಂದು ಹೇಳಿದೆ. 'ಆಗಲಿಲ್ಲ' ಎಂದಿತು. ಮತ್ತೊಮ್ಮೆ ಒತ್ತಿದೆ. 'ಆಯಿತು' ಎಂದಿತು. ಮತ್ತೆ ನಾಲ್ಕು ಸಲ 'ಆಗಲಿಲ್ಲ'.

ಪೂರ್ತಿ ಕೆಟ್ಟಿದ್ದರೆ ಹುಡುಕುವುದು ಸುಲಭ. ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಮನಸ್ಸು ಕಂಡಲ್ಲೆಲ್ಲ ಓಡುತ್ತದೆ. ಸರ್ವರ್ ಬಾಡಿಗೆಗೆ ಕೊಟ್ಟ ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿ ಕೇಳಿಸಿ ಕೊನೆಗೊಬ್ಬ ಸಿಕ್ಕ.

"ಮೇಡಂ, ನಮ್ಮ ಕಡೆಯಿಂದ ಸರ್ವರ್ ಅಪ್ ಇದೆ."

"ಅಪ್ ಇದ್ರೆ ನನಗೆ ಕನೆಕ್ಷನ್ ಯಾಕೆ ಸಿಗ್ತಿಲ್ಲ?"

"ನಿಮ್ಮ ಸ್ಕ್ರಿಪ್ಟಲ್ಲಿ ಏನಾದ್ರೂ ಇರಬಹುದು ಮೇಡಂ. ಬೇಕಾದ್ರೆ ಟಿಕೆಟ್ ರೈಸ್ ಮಾಡ್ತೀನಿ, ನಲವತ್ತೆಂಟು ಗಂಟೆ ಆಗುತ್ತೆ."

"ನನ್ನ ಹತ್ರ ನಾಲ್ಕೇ ಗಂಟೆ ಇರೋದು ಅಣ್ಣ."

"ಅರ್ಥ ಆಗುತ್ತೆ ಮೇಡಂ" ಎಂದು ನನ್ನ ದೂರಿಗೊಂದು ಟಿಕೆಟ್ ನಂಬರು ಕೊಟ್ಟ.

ಆಗ ನಾನೊಂದು ದಡ್ಡ ಕೆಲಸ ಮಾಡಿದೆ. ಎರಡು ತಿಂಗಳ ಹಿಂದೆ ನಮ್ಮ ಆಫೀಸಿನ ಕೆಲಸ ಬಿಟ್ಟುಹೋದ ಒಬ್ಬರಿಗೆ ಈ ಪಾಸ್‌ವರ್ಡ್ ಗೊತ್ತಿತ್ತು. ಅವರೇನಾದರೂ ಕೈಯಾಡಿಸುತ್ತಿರಬಹುದೇ ಎಂಬ ಅನುಮಾನ ತಲೆಗೆ ಹೊಕ್ಕಿತು. ಹಿಂದೆ ಮುಂದೆ ನೋಡದೆ ಪಾಸ್‌ವರ್ಡ್ ಬದಲಾಯಿಸಿಬಿಟ್ಟೆ. ಅರ್ಜಿಯ ಪುಟದಲ್ಲಿ ಹೊಸದನ್ನು ಹಾಕಿದೆ. ಮ್ಯಾನೇಜರ್ ನೋಡುವ ಪುಟದಲ್ಲಿ ಹಳೆಯದೇ ಉಳಿಯಿತು. ಹತ್ತು ನಿಮಿಷದಲ್ಲಿ ಮತ್ತೆ ಅವರ ಫೋನು.

"ಆಗ ಒಂದೊಂದು ಸಲ ಆದ್ರೂ ಬರ್ತಿತ್ತು. ಈಗ ಒಂದು ಸಲನೂ ಬರ್ತಿಲ್ಲ. ರಿಪೇರಿ ಮಾಡ್ತಿದೀಯೋ ಏನ್ ಮಾಡ್ತಿದೀಯಮ್ಮ?"

ಅದನ್ನು ಸರಿಮಾಡುವುದರಲ್ಲಿ ಇನ್ನೊಂದು ಕಾಲು ಗಂಟೆ ಹೋಯಿತು. ಬಿಟ್ಟುಹೋದವರ ಪಾಲೇನೂ ಇದರಲ್ಲಿ ಇರಲಿಲ್ಲ. ಸುಮ್ಮನೆ ಅವರ ಮೇಲೆ ಅನುಮಾನ ಪಟ್ಟೆ.

ಒಂದು ಇಪ್ಪತ್ತಕ್ಕೆ ಒಂದು ವಿಷಯ ಹೊಳೆಯಿತು. ಸಂಪರ್ಕ ಕೊಡದಿದ್ದಾಗ ಯಾಕೆ ಕೊಡುತ್ತಿಲ್ಲ ಎಂದು ಡೇಟಾಬೇಸ್ ತಾನೇ ಒಂದು ವಾಕ್ಯದಲ್ಲಿ ಹೇಳುತ್ತದೆ. ಆ ವಾಕ್ಯವನ್ನು ನಾನು ಇಷ್ಟು ಹೊತ್ತು ಓದಿಯೇ ಇರಲಿಲ್ಲ. 'ಕನೆಕ್ಷನ್ ಫೇಲ್ಡ್' ಎಂಬುದು ನಾನು ಬರೆದಿಟ್ಟ ಮಾತು, ಡೇಟಾಬೇಸಿನ ಮಾತಲ್ಲ. ಪರೀಕ್ಷೆಯ ಸ್ಕ್ರಿಪ್ಟಿನಲ್ಲೂ ನಾನು 'ಆಗಲಿಲ್ಲ' ಎಂಬ ನನ್ನದೇ ಪದ ಹಾಕಿಕೊಂಡು ಕೂತಿದ್ದೆ. ಅದನ್ನು ತೆಗೆದು, ನಿಜವಾದ ಕಾರಣವನ್ನೇ ತೆರೆಯ ಮೇಲೆ ಬರೆಯಿಸಿದೆ. ಸ್ಪಷ್ಟವಾಗಿತ್ತು. ನಿಮ್ಮ ಹೆಸರಿನಲ್ಲಿ ಒಂದೇ ಹೊತ್ತಿಗೆ ಎಷ್ಟು ಸಂಪರ್ಕ ತೆಗೆದುಕೊಳ್ಳಬಹುದೋ ಅಷ್ಟೂ ಆಗಲೇ ಬಳಕೆಯಲ್ಲಿವೆ, ಇನ್ನು ಕೊಡಲಾಗುವುದಿಲ್ಲ.

ನಮ್ಮ ಸರ್ವರಿನಲ್ಲಿ ಆ ಮಿತಿ ಇಪ್ಪತ್ತೈದು. ಇಪ್ಪತ್ತೈದು ಜನ ಒಳಗಿದ್ದರೆ ಇಪ್ಪತ್ತಾರನೆಯವರು ಹೊರಗೆ.

ಇಪ್ಪತ್ತೈದು ಕಡಿಮೆಯೇನಲ್ಲ, ಒಬ್ಬೊಬ್ಬರೂ ಬೇಗ ಹೊರಗೆ ಬಂದರೆ. ನನ್ನ ಸ್ಕ್ರಿಪ್ಟು ಮೊದಲ ಸಾಲಿನಲ್ಲೇ ಸಂಪರ್ಕ ಹಿಡಿದುಕೊಂಡು, ಫೋಟೊ ಸಣ್ಣದು ಮಾಡುವವರೆಗೂ, ಎಸ್ಸೆಮ್ಮೆಸ್ ಕಂಪನಿಯಿಂದ ಉತ್ತರ ಬರುವವರೆಗೂ ಬಿಡುತ್ತಿರಲಿಲ್ಲ. ಒಬ್ಬೊಬ್ಬರಿಗೆ ಎಂಟು ಹತ್ತು ಸೆಕೆಂಡು. ಡೇಟಾಬೇಸಿನ ಕೆಲಸ ಅದರಲ್ಲಿ ಅರೆ ಸೆಕೆಂಡೂ ಇಲ್ಲ.

ಸರಿಪಡಿಸುವುದು ಕಷ್ಟವಾಗಲಿಲ್ಲ. ಮೊದಲು ಫೋಟೊ ಕೆಲಸ. ಆಮೇಲೆ ಸಂಪರ್ಕ, ಬರೆ, ತಕ್ಷಣ ಬಿಡು. ಎಸ್ಸೆಮ್ಮೆಸ್ ಆಮೇಲೆ. ಸಂಪರ್ಕ ಸಿಗದಿದ್ದರೆ ಎರಡು ಸೆಕೆಂಡು ಕಾದು ಮತ್ತೆ ಕೇಳು, ಹೀಗೆ ಮೂರು ಸಲ. ಒಂದು ಐವತ್ತಕ್ಕೆ ಹಾಕಿದೆ. ಮ್ಯಾನೇಜರ್ ಪುಟದಲ್ಲಿ ಅರ್ಜಿಗಳು ಒಂದರ ಹಿಂದೊಂದು ಏರತೊಡಗಿದವು.

"ಈಗ ಸರಿ ಹೋತು ನೋಡು" ಎಂದರು ಅವರು. ನಾನು ತಣ್ಣಗಾದ ಚಪಾತಿ ತಿಂದೆ. ಒಳ್ಳೆಯ ಹಸಿವಾಗಿತ್ತು. ನನ್ನ ಬಗ್ಗೆ ನನಗೇ ಮೆಚ್ಚುಗೆಯೂ ಆಗಿತ್ತು.

ಆದರೆ ಒಂದು ಪ್ರಶ್ನೆ ಉಳಿದಿತ್ತು. ವಾರಪೂರ್ತಿ ಸರಾಗವಾಗಿ ನಡೆದದ್ದು ಹನ್ನೆರಡಕ್ಕೇ ಯಾಕೆ ಕಟ್ಟಿಕೊಂಡಿತು? ಯಾರು ಯಾವಾಗ ಪುಟ ತೆರೆದರೆಂದು ಸರ್ವರ್ ತಾನೇ ದಾಖಲೆ ಇಡುತ್ತದೆ. ತೆಗೆದು ನೋಡಿದೆ. ಹತ್ತೂವರೆಯವರೆಗೆ ನಿಮಿಷಕ್ಕೆ ಒಂದೋ ಎರಡೋ. ಹತ್ತೂವರೆಯಿಂದ ಹನ್ನೆರಡರವರೆಗೆ ಹೆಚ್ಚುಕಡಿಮೆ ಖಾಲಿ, ಕೊನೆಯ ದಿನವಾಗಿಯೂ. ಹನ್ನೆರಡು ಗಂಟೆ ಒಂದು ನಿಮಿಷಕ್ಕೆ ಒಮ್ಮೆಲೇ ನುಗ್ಗಿದ್ದರು.

ಮ್ಯಾನೇಜರಿಗೆ ಫೋನ್ ಮಾಡಿದೆ. "ಸಾರ್, ಹನ್ನೆರಡಕ್ಕೆ ಏನಿತ್ತು? ಯಾಕೆ ಎಲ್ಲಾ ಒಟ್ಟಿಗೆ ಬಂದ್ರು?"

"ರಾಹುಕಾಲ ಮುಗೀತಲ್ಲಮ್ಮ" ಎಂದರು, ಚಿಕ್ಕ ಮಗುವಿಗೆ ಹೇಳುವ ಹಾಗೆ. "ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಮಗಳ ಓದಿನ ಅರ್ಜಿನ ರಾಹುಕಾಲದಾಗೆ ಯಾರು ಒತ್ತುತಾರೆ?"

ನನಗಿದು ಗೊತ್ತಿರದ ಸಂಗತಿಯಲ್ಲ. ಕಾಲೇಜಿಗೆ ಸೇರುವ ದಿನ ಅಮ್ಮ ನನ್ನನ್ನು ಗೇಟಿನ ಹೊರಗೆ ಇಪ್ಪತ್ತು ನಿಮಿಷ ನಿಲ್ಲಿಸಿಕೊಂಡು, ಗಡಿಯಾರ ನೋಡಿ ಒಳಗೆ ಕಳಿಸಿದ್ದಳು. ಆದರೂ ಪುಟ ಬರೆಯುವಾಗ ಅದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಆಫೀಸಿನ ಐದು ಮೊಬೈಲಿನಲ್ಲಿ ಒಟ್ಟಿಗೆ ಒತ್ತಿ ನೋಡಿ, ಸಾಕು ಎಂದುಕೊಂಡಿದ್ದೆ. ದಿನವಿಡೀ ಹರಡಿಕೊಂಡು ಬರುವ ಬದಲು ಒಂದೇ ಬಾಗಿಲ ಮುಂದೆ ಒಂದೇ ನಿಮಿಷಕ್ಕೆ ನಿಲ್ಲುವ ಜನರ ನಡುವೆಯೇ ಬೆಳೆದು, ಅವರನ್ನು ಮರೆತಿದ್ದೆ.

ಇದರಲ್ಲಿ ನಗುವಂಥದ್ದೂ ಇತ್ತು. ನಗುತ್ತಲೇ ದಾಖಲೆಯನ್ನು ಕೆಳಗೆ ಸರಿಸುತ್ತಾ ಹೋದೆ. ಆಗ ಕಂಡಿತು. ಸಂಪರ್ಕ ಸಿಗದ ಆ ಹೊತ್ತಿನಲ್ಲೂ ಧನ್ಯವಾದದ ಪುಟ ತೆರೆದುಕೊಂಡಿತ್ತು. ಒಂದಲ್ಲ, ಎರಡಲ್ಲ. ಬಂದವರಿಗೆಲ್ಲ.

ಅರ್ಜಿಯ ಸ್ಕ್ರಿಪ್ಟು ತೆರೆದು ಮೊದಲ ಸಾಲಿನಿಂದ ಓದಿದೆ.

ಎರಡು ತಿಂಗಳ ಹಿಂದೆ ಈ ಪುಟವನ್ನು ಹಾಸ್ಟೆಲಿನಲ್ಲಿ ತೋರಿಸುವಾಗ ನಡುವೆ ಒಂದು ಎರರ್ ಬಂದು ತೆರೆ ತುಂಬಾ ಇಂಗ್ಲಿಷು ಚೆಲ್ಲಿತ್ತು. ಮ್ಯಾನೇಜರ್ ಆಗ ಹೇಳಿದ್ದರು: "ಇಂಥದ್ದೆಲ್ಲ ಬರಬಾರದಮ್ಮ. ಹಳ್ಳಿ ಮಕ್ಕಳು ಏನೋ ಮುರಿದೆವು ಅಂತ ಹೆದರಿ ಎದ್ದು ಹೋಗ್ತಾವೆ. ಒಳ್ಳೇ ಕೆಲಸಕ್ಕೆ ಕೂತಾಗ ಎರರ್ ಅನ್ನೋದು ಕಣ್ಣಿಗೆ ಬೀಳಬಾರದು." ನನಗೂ ಅದು ಸರಿ ಎನಿಸಿತ್ತು. ಹೆದರಿದ ಮಕ್ಕಳ ಪೈಕಿ ನಾನೂ ಒಬ್ಬಳಾಗಿದ್ದೆ. ಯಾವ ತಪ್ಪು ಬಂದರೂ ಹೊರಗೆ ತೋರಿಸಬೇಡ, ಸುಮ್ಮನೆ ಮುಂದಿನ ಸಾಲಿಗೆ ಹೋಗು ಎಂದು ಅರ್ಜಿಯ ಸ್ಕ್ರಿಪ್ಟಿಗೆ ಬರೆದಿದ್ದೆ. ಅದು ಹೇಳಿದಂತೆಯೇ ಮಾಡಿತ್ತು. ಸಂಪರ್ಕ ಸಿಗಲಿಲ್ಲ, ಸುಮ್ಮನೆ ಮುಂದಕ್ಕೆ. ಪಟ್ಟಿಗೆ ಬರೆಯಲಾಗಲಿಲ್ಲ, ಸುಮ್ಮನೆ ಮುಂದಕ್ಕೆ. ಕೊನೆಯ ಸಾಲು ಧನ್ಯವಾದ.

ಹೆಸರಿಲ್ಲ, ಅಂಕವಿಲ್ಲ, ಊರಿಲ್ಲ. ಉಳಿದದ್ದು ಫೋಟೊಗಳು ಮಾತ್ರ. ಫೋಟೊ ಇಡುವುದಕ್ಕೆ ಡೇಟಾಬೇಸ್ ಬೇಕಿರಲಿಲ್ಲವಲ್ಲ. ಫೋಲ್ಡರ್ ತೆರೆದು, ಪಟ್ಟಿಯಲ್ಲಿದ್ದವರ ಫೋಟೊಗಳನ್ನು ಬೇರೆ ಮಾಡಿದೆ. ಎರಡೆರಡು ಸಲ ಒತ್ತಿದವರನ್ನು, ಆಮೇಲೆ ಮತ್ತೆ ಬಂದು ಸೇರಿದವರನ್ನು ಮುಖ ನೋಡಿ ನೋಡಿ ತೆಗೆದೆ. ಎಂಬತ್ತೇಳು ಉಳಿದವು. ಬಿಗಿಯಾಗಿ ಜಡೆ ಹೆಣೆದವರು, ಕಾಲೇಜು ಯೂನಿಫಾರಂ ಹಾಕಿದವರು, ಸ್ಟುಡಿಯೋದ ನೀಲಿ ಪರದೆಯ ಮುಂದೆ ಉಸಿರು ಬಿಗಿಹಿಡಿದವರು. ಅಷ್ಟೂ ಜನ ಆ ಹೊತ್ತಿಗೆ ಅರ್ಜಿ ತಲುಪಿತು ಎಂಬ ನೆಮ್ಮದಿಯಲ್ಲಿ ಮನೆಗೆ ಹೋಗಿದ್ದರು.

ಬಾಸ್ ಮೂರು ಗಂಟೆಗೆ ಬಂದರು. ತೋರಿಸಿದೆ. ಅವರು ನಿಂತೇ ನೋಡಿದರು.

"ಮ್ಯಾನೇಜರ್‌ಗೆ ಗೊತ್ತಾ?"

"ಇನ್ನೂ ಇಲ್ಲ ಸಾರ್."

"ಹಂಗಾದ್ರೆ ಹೋಸ್ಟಿಂಗ್‌ನವರ ಸರ್ವರ್ ಎರಡು ಗಂಟೆ ಡೌನ್ ಆಗಿತ್ತು ಅಂತ ಹೇಳು. ಅವರದ್ದೇ ಲಿಮಿಟ್ ತಾನೇ?"

"ಡೌನ್ ಆಗಿರ್ಲಿಲ್ಲ ಸಾರ್. ತಲುಪಿದೆ ಅಂತ ಸುಳ್ಳು ಹೇಳಿದ್ದು ನನ್ನ ಸ್ಕ್ರಿಪ್ಟು."

"ನೋಡು, ನೀನು ಒಳ್ಳೇ ಕೆಲಸಗಾರ್ತಿ. ಅದಕ್ಕೇ ಹೇಳ್ತಿರೋದು. ನಮ್ಮದೇ ತಪ್ಪು ಅಂತ ಬಾಯಿಬಿಟ್ರೆ ಮುಂದಿನ ವರ್ಷ ಈ ಕೆಲಸ ಇನ್ಯಾರಿಗೋ ಹೋಗುತ್ತೆ. ಟ್ರಸ್ಟಿನವರು ಇನ್ನಾಲ್ಕು ಕಡೆ ಹೇಳ್ತಾರೆ. ಯೋಚನೆ ಮಾಡು."

ಯೋಚಿಸಲು ಮಹಡಿಯ ಮೇಲೆ ಹೋಗಿ ನೀರಿನ ಟ್ಯಾಂಕಿನ ಪಕ್ಕ ನಿಂತೆ. ಕೆಳಗೆ ಬಸವೇಶ್ವರನಗರದ ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳನ್ನು ಸ್ಕೂಟರಿನ ಮುಂದೆ ಹಿಂದೆ ಕೂರಿಸಿಕೊಂಡು ತಾಯಂದಿರು ಹೋಗುತ್ತಿದ್ದರು. ನಾನೇನೂ ಧೈರ್ಯಶಾಲಿಯಲ್ಲ. ಕೆಲಸ ಹೋದರೆ ಮನೆಯಲ್ಲಿ ಏನೆಂದು ಹೇಳಲಿ ಎಂಬುದೇ ಮೊದಲು ಬಂದ ಯೋಚನೆ. ಎರಡನೆಯದು, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು. ಪಟ್ಟಿಯಲ್ಲಿ ಆಗಲೇ ನಾಲ್ಕು ನೂರಕ್ಕೂ ಮೇಲಿದ್ದಾರೆ. ಅರವತ್ತು ಸೀಟು ತುಂಬಿಯೇ ತುಂಬುತ್ತವೆ. ಈ ಎಂಬತ್ತೇಳು ಜನ ಆಯ್ಕೆ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲದ್ದು ನೋಡಿ, ನಮಗೆ ಅಂಕ ಸಾಲದಾಯಿತು ಎಂದುಕೊಂಡು ಸುಮ್ಮನಾಗುತ್ತಾರೆ. ತಪ್ಪು ಯಂತ್ರದ್ದು ಇರಬಹುದೆಂದು ಅವರಿಗೆ ಅನಿಸುವುದೇ ಇಲ್ಲ. ನಮ್ಮಂಥ ಮನೆಗಳಲ್ಲಿ ತಪ್ಪು ಯಾವಾಗಲೂ ಮೊದಲು ನಮ್ಮ ಮೇಲೆಯೇ ಬರುತ್ತದೆ.

ಕೆಳಗೆ ಬಂದು, ಎಂಬತ್ತೇಳು ಫೋಟೊಗಳನ್ನೂ ಕಾಗದದ ಮೇಲೆ ಸಾಲುಸಾಲಾಗಿ ಪ್ರಿಂಟ್ ತೆಗೆದೆ. "ವಿಜಯನಗರಕ್ಕೆ ಹೋಗ್ತಾ ಇದೀನಿ ಸಾರ್" ಎಂದೆ. ಬಾಸ್ ಕಂಪ್ಯೂಟರ್ ಕಡೆ ತಿರುಗಿಕೊಂಡರು.

ಹಾಸ್ಟೆಲ್ ಆಫೀಸಿನಲ್ಲಿ ಮ್ಯಾನೇಜರ್ ಜೊತೆ ಟ್ರಸ್ಟಿನ ಕಾರ್ಯದರ್ಶಿಯವರೂ ಇದ್ದರು. ನಿವೃತ್ತ ಹೆಡ್‌ಮಿಸ್ಟ್ರೆಸ್. ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ತಪ್ಪು ಹೊರಗೆ ಕಾಣದಂತೆ ಮಾಡಿದ್ದು ನಾನೇ ಎಂದೂ ಹೇಳಿದೆ. ಹಾಗೆ ಮಾಡಲು ಕಾರಣವಾದ ಮಾತು ಯಾರದ್ದು ಎಂದು ಹೇಳಲಿಲ್ಲ.

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು. "ಎರರ್ ಬರಬಾರದು ಅಂದಿದ್ದು ನಾನು ಮೇಡಂ" ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು, "ಆದ್ರೆ ಈಗ ಏನ್ ಮಾಡಾಕಾಗ್ತೈತೆ? ಬಂದಿರೋದೇ ನಾನೂರು ದಾಟೈತೆ. ದಿನ ಮುಂದಕ್ಕೆ ಹಾಕಿದ್ರೆ ಉಳಿದೋರು ಜಗಳಕ್ಕೆ ಬರ್ತಾರೆ, ತಡ ಮಾಡಿದೋರನ್ನ ಯಾಕೆ ಸೇರಿಸ್ಕೊಂಡ್ರಿ ಅಂತ" ಎಂದರು.

ಮೇಡಂ ಕಾಗದಗಳನ್ನು ಒಂದೊಂದಾಗಿ ತಿರುವುತ್ತಿದ್ದರು.

"ಇವರೇನು ತಡ ಮಾಡಿಲ್ವಲ್ಲ" ಎಂದರು. "ಸಮಯಕ್ಕೆ ಸರಿಯಾಗಿ ಕಳಿಸಿದ್ದಾರೆ. ಸೋಮವಾರ ಸಂಜೆ ಐದರವರೆಗೆ ಪುಟ ತೆರೆದಿಡಿ. ನೋಟಿಸ್ ಹಾಕಿ." ನನ್ನ ಕಡೆ ನೋಡಿದರು. "ಆದ್ರೆ ಇವರಿಗೆ ಹೇಗಮ್ಮ ಹೇಳ್ತೀಯ? ಅರ್ಜಿ ಹಾಕಾಯ್ತು ಅಂತ ಆರಾಮಾಗಿರೋರು ಮತ್ತೆ ಸೈಟ್ ಯಾಕೆ ತೆಗೀತಾರೆ?"

ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಅದನ್ನೇ. "ಎಸ್ಸೆಮ್ಮೆಸ್ ಹೋಗಿದೆ ಮೇಡಂ" ಎಂದೆ. "ಪಟ್ಟಿಗೆ ಸೇರದೆ ಇದ್ರೂ ಎಸ್ಸೆಮ್ಮೆಸ್ ಹೋಗಿದೆ. ಯಾವ ನಂಬರಿಗೆ, ಎಷ್ಟು ಗಂಟೆಗೆ ಅಂತ ಆ ಕಂಪನಿಯ ಪುಟದಲ್ಲಿ ಸಿಗುತ್ತೆ. ಫೋಟೊ ಫೈಲಿಗೂ ಸಮಯ ಇದೆ. ಎರಡನ್ನೂ ಜೋಡಿಸಬಹುದು."

"ಎಷ್ಟು ಹೊತ್ತು ಬೇಕು?"

"ಇವತ್ತು ಸಂಜೆ ಒಳಗೆ ಮಾಡ್ತೀನಿ."

ಅಲ್ಲೇ ಕೂತು ಮಾಡಿದೆ. ಹನ್ನೆರಡು ಗಂಟೆ ಏಳು ನಿಮಿಷ ಹದಿನೈದು ಸೆಕೆಂಡಿಗೆ ಫೋಟೊ, ಇಪ್ಪತ್ತೆರಡನೇ ಸೆಕೆಂಡಿಗೆ ಎಸ್ಸೆಮ್ಮೆಸ್. ಒಂದೊಂದು ಮುಖದ ಕೆಳಗೂ ಪೆನ್ನಿನಲ್ಲಿ ಒಂದೊಂದು ನಂಬರು ಬರೆದೆ. ಒಂದೇ ಕ್ಷಣಕ್ಕೆ ಮೂರು ಫೋಟೊ ಬಂದಿದ್ದ ಕಡೆ ಮೂರು ನಂಬರನ್ನೂ ಮೂವರಿಗೂ ಬರೆದೆ. ಪುಟವನ್ನೂ ತಿದ್ದಿದೆ. ಇನ್ನು ಅರ್ಜಿ ಸೇರದಿದ್ದರೆ 'ಈಗ ಆಗಲಿಲ್ಲ, ತಪ್ಪು ನಮ್ಮದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಿ' ಎಂದು ಕನ್ನಡದಲ್ಲಿ ಬರುತ್ತದೆ.

ಶನಿವಾರ ಬೆಳಿಗ್ಗೆಯಿಂದ ಮ್ಯಾನೇಜರ್ ಒಂದು ಫೋನಿನಲ್ಲಿ, ನಾನು ಇನ್ನೊಂದರಲ್ಲಿ. ಸುಲಭ ಎಂದುಕೊಂಡಿದ್ದೆ. ಅಪರಿಚಿತ ನಂಬರಿನಿಂದ ಫೋನ್ ಮಾಡಿ ಮತ್ತೆ ವಿವರ ತುಂಬಿ ಎಂದರೆ ಈ ಕಾಲದಲ್ಲಿ ಯಾರು ನಂಬುತ್ತಾರೆ?

"ಅರ್ಜಿ ಹಾಕೇವಲ್ರಿ, ಮುಟ್ಟೇತಂತ ಮೆಸೇಜ್ ಬಂದೈತ್ರಿ."

"ಮೆಸೇಜ್ ಬಂದಿದೆ ಅಣ್ಣ, ಆದ್ರೆ ಅರ್ಜಿ ಸೇರಿಲ್ಲ."

"ಸೇರಲಾರದ ಮೆಸೇಜ್ ಹೆಂಗ ಬರ್ತೈತ್ರಿ? ಹುಡುಗಾಟ ಮಾಡಕತ್ತೀರೇನು?"

ಇದಕ್ಕೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಒಬ್ಬ ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಈಗ ಓಟಿಪಿ ಕೇಳ್ತೀ ಹೌದಿಲ್ಲೋ? ಕೊಡಂಗಿಲ್ಲ ತಂಗಿ, ಇಡು ಫೋನ" ಎಂದಳು. ಪಕ್ಕದಲ್ಲಿ ಮ್ಯಾನೇಜರ್ ನಕ್ಕರು. ಆ ಅಜ್ಜಿಗೆ ಅವರೇ ಮತ್ತೆ ಫೋನ್ ಮಾಡಿ, ಹಾಸ್ಟೆಲಿನ ಊಟ, ಪ್ರಾರ್ಥನೆ, ವಾರ್ಡನ್ ಎಲ್ಲ ವಿವರಿಸಿ, ಅರ್ಧ ಗಂಟೆಯಲ್ಲಿ ಮೊಮ್ಮಗಳನ್ನು ಲೈನಿಗೆ ತರಿಸಿದರು. ಹನ್ನೊಂದು ಹುಡುಗಿಯರಿಗೆ ಒಂದೇ ನಂಬರಿತ್ತು, ಒಂದು ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿನದು. ಆತನಿಗೆ ಹನ್ನೊಂದೂ ಫೋಟೊ ಕಳಿಸಿದೆ. ಸಂಜೆಯೊಳಗೆ ಎಲ್ಲರನ್ನೂ ಹುಡುಕಿಸಿ ಮತ್ತೆ ತುಂಬಿಸಿದ. "ನಿಮ್ಮ ಸಲುವಾಗಿ ಅಲ್ರಿ, ನನ್ನ ಅಂಗಡಿ ಹೆಸರು ಕೆಡಬಾರದಂತ" ಎಂದ. ಸರಿಯಾದ ಮಾತೇ.

ಪ್ರತಿ ಅರ್ಜಿ ಸೇರಿದ ಹಾಗೆ ಆ ಮುಖದ ಪಕ್ಕ ಹೆಸರು ಬರೆದೆ. ಭಾನುವಾರವೂ ಕೂತೆವು. ಸೋಮವಾರ ಸಂಜೆ ಐದಕ್ಕೆ ಪುಟ ಮುಚ್ಚಿದಾಗ ಎಂಬತ್ತೊಂದು ಜನ ಸೇರಿದ್ದರು. ಇಬ್ಬರು ಬೇರೆ ಕಡೆ ಅನುಕೂಲವಾಗಿದೆ, ಬೇಡ ಎಂದರು. ನಾಲ್ಕು ಮುಖಗಳು ಹೆಸರಿಲ್ಲದೆ ಉಳಿದವು. ಅವುಗಳ ನಂಬರಿಗೆ ದಿನಕ್ಕೆ ಹತ್ತು ಸಲವಾದರೂ ಮಾಡಿದ್ದೆ. ಸ್ವಿಚ್ ಆಫ್, ಇಲ್ಲವೇ ವ್ಯಾಪ್ತಿ ಪ್ರದೇಶದ ಹೊರಗೆ.

"ಎಂಬತ್ಮೂರು ಜನ ಸಿಕ್ಕಿದ್ದೇ ದೊಡ್ಡದು ಬಿಡು" ಎಂದರು ಮ್ಯಾನೇಜರ್. ಮಂಗಳವಾರ ಆಫೀಸಿಗೆ ಹೋದಾಗ ಬಾಸ್ ಹಾಸ್ಟೆಲಿನ ಫೈಲನ್ನು ನನ್ನ ಮೇಜಿನಿಂದ ತೆಗೆದು ಇನ್ನೊಬ್ಬರ ಮೇಜಿಗೆ ಇಟ್ಟಿದ್ದರು. ಮುಂದಿನ ಒಂದು ತಿಂಗಳು ನನಗೆ ಸಿಕ್ಕಿದ್ದು ಅಂಗಡಿಗಳ ಸೈಟಿಗೆ ಚಿತ್ರ ಹಾಕುವ ಕೆಲಸ.

ಎರಡು ವಾರ ಕಳೆದು ಆಯ್ಕೆ ಪಟ್ಟಿ ಹಾಕಿದ ದಿನ ಮೇಡಂ ಫೋನ್ ಮಾಡಿದರು. "ಒಬ್ಬ ಹುಡುಗಿ ಬಂದಿದ್ದಾಳೆ. ನೀನು ಬರಬೇಕಮ್ಮ."

ಗೇಟಿನ ಒಳಗೆ, ನೋಟಿಸ್ ಬೋರ್ಡಿನ ಕೆಳಗೆ ಕೂತಿದ್ದಳು. ಪಕ್ಕದಲ್ಲಿ, ಸೀಟು ಸಿಕ್ಕೇ ಸಿಗುತ್ತದೆಂದು ಹೊತ್ತು ತಂದ ಒಂದು ಟ್ರಂಕು, ಒಂದು ಚೀಲ. ನೋಡಿದ ತಕ್ಷಣ ಗುರುತು ಹಿಡಿದೆ. ನಾಲ್ಕನೆಯ ಹಾಳೆ, ಎರಡನೆಯ ಸಾಲು, ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು. ಜೊತೆಗೆ ಅವಳ ತಂದೆ. ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುವವರು. ಮೂರು ವಾರ ಒಡಿಶಾದಲ್ಲಿ ಇದ್ದರಂತೆ, ಕೊಳವೆ ಇಳಿಸುವಾಗ, ಅರ್ಜಿಯಲ್ಲಿ ಕೊಟ್ಟಿದ್ದ ನಂಬರಿನ ಫೋನು ಕೆಸರಿಗೆ ಬಿದ್ದು ಸತ್ತಿತ್ತಂತೆ.

ಹೆಸರು ಕೇಳಿದೆ. ಹೇಳಿದಳು. ಅಂಕ ಕೇಳಿದೆ. ಎಂಬತ್ತೆಂಟು ಪರ್ಸೆಂಟ್. ಬೋರ್ಡಿನ ಮೇಲಿನ ಪಟ್ಟಿಯ ಕೊನೆಯ ಹೆಸರಿನ ಮುಂದೆ ಎಂಬತ್ತೊಂದು ಇತ್ತು.

"ಅಕ್ಕಾ, ನಾನು ಅವತ್ತೇ ಎಲ್ಡ್ನೇ ಸಲ ಒತ್ತಾನ ಅಂದೆ" ಎಂದಳು. "ಸೈಬರ್ ಅಣ್ಣ, ಧನ್ಯವಾದ ಬಂದ್ಮೇಲೆ ಮತ್ತೆ ಒತ್ತಬಾರ್ದು, ಕ್ಯಾನ್ಸಲ್ ಆಗ್ತದೆ ಅಂದ್ರು."

"ನಿಂದೇನೂ ತಪ್ಪಿಲ್ಲಮ್ಮ. ಆ ಅಣ್ಣಂದೂ ಅಲ್ಲ" ಎಂದೆ. ನಡೆದದ್ದನ್ನು ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ. ಅರ್ಜಿ ನೀನು ಕಳಿಸಿದ್ದೆ. ನಾನು ಬರೆದ ಪ್ರೋಗ್ರಾಮು ಅದನ್ನು ಕಳೆದುಹಾಕಿತು, ಕಳೆದುಹಾಕಿ ತಲುಪಿದೆ ಎಂದಿತು. ಮೂರು ದಿನ ಹುಡುಕಿದೆವು, ಸಿಗಲಿಲ್ಲ. ಸೀಟು ತುಂಬಿವೆ. ಮೇಡಂ ಕಾಯುವವರ ಪಟ್ಟಿಯ ಎಲ್ಲಕ್ಕಿಂತ ಮೇಲೆ ಅವಳ ಹೆಸರನ್ನು ತಮ್ಮ ಕೈಯಾರೆ ಬರೆದಿದ್ದರು. ಯಾರಾದರೂ ಬಿಟ್ಟರೆ ಮೊದಲು ಇವಳಿಗೆ. ಬಿಡುತ್ತಾರೆಂದು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಬೈಯುತ್ತಾರೆ ಎಂದುಕೊಂಡು ನಿಂತಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ತಂದೆ ಬೋರ್ಡಿನ ಕಡೆಗೇ ನೋಡುತ್ತಿದ್ದರು. ಓದಲು ಬರುತ್ತಿರಲಿಲ್ಲವೆಂದು ಕಾಣುತ್ತದೆ.

ಹುಡುಗಿ ಕೇಳಿದಳು. "ಹಂಗಾದ್ರೆ ನನ್ನ ಮಾರ್ಕ್ಸ್ ಕಮ್ಮಿ ಆಗಿ ಅಲ್ವಾ ಅಕ್ಕಾ?"

"ಅಲ್ಲ."

"ಖಂಡಿತಾ?"

"ಖಂಡಿತಾ. ಪಟ್ಟಿಯಲ್ಲಿ ಮೇಲೇ ಇರ್ತಿದ್ದೆ."

ಅವಳ ಮುಖ ಬಿಚ್ಚಿಕೊಂಡಿತು. ನಾನು ಅಲ್ಲಿ ನಿಂತಿರುವುದನ್ನೇ ಮರೆತವಳಂತೆ ತಂದೆಯ ತೋಳು ಹಿಡಿದು ಅಲ್ಲಾಡಿಸಿದಳು.

"ಅಪ್ಪಾ, ಕೇಳಿದ್ಯಾ? ಮಾರ್ಕ್ಸ್ ಕಮ್ಮಿ ಆಗಿ ಅಲ್ವಂತೆ."